ಹೊಸ ಕಾರ್ಯಾಚರಣ ವ್ಯವಸ್ಥೆ: ಸ್ವೀಕಾರಕ್ಕೆ ಮುನ್ನ ವಿವೇಕ

ಹಳೆಯದನ್ನು ಯಾವಾಗ ಬಿಡಬೇಕು, ಹೊಸದನ್ನು ಯಾವಾಗ ಹಿಡಿಯಬೇಕು ಎಂಬ ಪ್ರಶ್ನೆ ಗೃಹಸ್ಥಾಶ್ರಮಕ್ಕೆ ಹೊಸತಲ್ಲ. ಮನೆಯ ತೊಲೆಗೆ ಗೆದ್ದಲು ಹತ್ತಿದಾಗ, ಬಂಡಿಯ ಎತ್ತು ಮುದಿಯಾದಾಗ, ಅಂಗಡಿಯ ತಕ್ಕಡಿ ಸವೆದಾಗ ನಮ್ಮ ಹಿರಿಯರು ಈ ಪ್ರಶ್ನೆಯನ್ನು ಎದುರಿಸಿಯೇ ಬಾಳಿದವರು. ಈಗ ಅದೇ ಪ್ರಶ್ನೆ ಗಣಕಯಂತ್ರದ ರೂಪದಲ್ಲಿ ನಮ್ಮ ಮನೆಯೊಳಗೆ ಬಂದು ನಿಂತಿದೆ. ಮೈಕ್ರೋಸಾಫ್ಟ್ ಸಂಸ್ಥೆಯು ತನ್ನ ವಿಂಡೋಸ್ 10 ಎಂಬ ಕಾರ್ಯಾಚರಣ ವ್ಯವಸ್ಥೆಗೆ ನೀಡುತ್ತಿದ್ದ ಸಾಮಾನ್ಯ ಬೆಂಬಲವನ್ನು 2025ರ ಅಕ್ಟೋಬರ್ 14ರಂದು ಮುಕ್ತಾಯಗೊಳಿಸಿತು. ಅಂದಿನಿಂದ ಅನೇಕ ಭಕ್ತರು ನಮ್ಮನ್ನು ಕಂಡಾಗ, ಪೂಜೆ ಪುರಸ್ಕಾರಗಳ ಮಾತು ಮುಗಿದ ಮೇಲೆ, ಈ ವಿಷಯವನ್ನೂ ಕೇಳುತ್ತಾರೆ. ದಲಾಲಿ ಅಂಗಡಿಯವರು ಕೇಳುತ್ತಾರೆ, ಪ್ರಸಾದನಿಲಯದ ಮೇಲ್ವಿಚಾರಕರು ಕೇಳುತ್ತಾರೆ, ಮಗಳ ಓದಿಗೆಂದು ಗಣಕ ಕೊಂಡ ತಾಯಂದಿರು ಕೇಳುತ್ತಾರೆ. "ಗುರುಗಳೇ, ಯಂತ್ರವೇನೋ ಚೆನ್ನಾಗಿ ನಡೆಯುತ್ತಿದೆ. ಆದರೆ ಬದಲಿಸಲೇಬೇಕೆಂದು ಎಲ್ಲರೂ ಹೆದರಿಸುತ್ತಿದ್ದಾರೆ. ಏನು ಮಾಡೋಣ?" ಎಂಬುದು ಎಲ್ಲರ ಪ್ರಶ್ನೆಯ ಸಾರ.

ಹೆದರಿಕೆಯಿಂದ ಮಾಡಿದ ನಿರ್ಧಾರವೂ ಆಲಸ್ಯದಿಂದ ಮಾಡದೆ ಬಿಟ್ಟ ನಿರ್ಧಾರವೂ ಒಂದೇ ಬಗೆಯಲ್ಲಿ ಹಾನಿಕರ. ಆದುದರಿಂದ ವಿಷಯವನ್ನು ಬುಡದಿಂದ ತಿಳಿದು, ಗುಣದೋಷಗಳನ್ನು ತೂಗಿ, ತಮ್ಮ ತಮ್ಮ ಸ್ಥಿತಿಗೆ ತಕ್ಕಂತೆ ನಿಶ್ಚಯಿಸಲು ಅನುಕೂಲವಾಗಲೆಂದು ಈ ಲೇಖನವನ್ನು ಓದುಗ ಬಂಧುಗಳ ಮುಂದಿಡುತ್ತಿದ್ದೇವೆ.

ಕಾರ್ಯಾಚರಣ ವ್ಯವಸ್ಥೆ ಎಂದರೇನು?

ಗಣಕಯಂತ್ರದಲ್ಲಿ ಕಣ್ಣಿಗೆ ಕಾಣುವ ಭಾಗ ಯಂತ್ರಾಂಶ. ಅದನ್ನು ನಡೆಸುವ ಸೂಚನೆಗಳ ಸಮೂಹ ತಂತ್ರಾಂಶ. ಪತ್ರ ಬರೆಯುವ, ಲೆಕ್ಕ ಇಡುವ, ಚಿತ್ರ ನೋಡುವ ತಂತ್ರಾಂಶಗಳು ಅನೇಕ. ಇವೆಲ್ಲವುಗಳಿಗೂ ಯಂತ್ರಕ್ಕೂ ನಡುವೆ ನಿಂತು, ಯಾರಿಗೆ ಎಷ್ಟು ಸ್ಥಳ, ಯಾರಿಗೆ ಎಷ್ಟು ಕಾಲ, ಯಾರಿಗೆ ಒಳಗೆ ಪ್ರವೇಶ, ಯಾರಿಗೆ ಇಲ್ಲ ಎಂಬುದನ್ನು ನಿಯಂತ್ರಿಸುವ ಮೂಲ ತಂತ್ರಾಂಶವೇ ಕಾರ್ಯಾಚರಣ ವ್ಯವಸ್ಥೆ. ದೊಡ್ಡ ಮಠದ ದಾಸೋಹದಲ್ಲಿ ಉಗ್ರಾಣದ ಬೀಗದ ಕೈ ಹಿಡಿದವರನ್ನು ನೆನೆಯಬಹುದು. ಅಡುಗೆಯವರು ಬೇರೆ, ಬಡಿಸುವವರು ಬೇರೆ, ಉಣ್ಣುವವರು ಬೇರೆ; ಆದರೆ ಉಗ್ರಾಣಿಯ ಕೈ ಆಡದೆ ಒಂದು ಸೇರು ಅಕ್ಕಿಯೂ ಹೊರಬರುವುದಿಲ್ಲ. ಉಗ್ರಾಣಿ ಎಚ್ಚರವಾಗಿದ್ದರೆ ದಾಸೋಹ ಸುಸೂತ್ರ. ಅವನು ನಿದ್ದೆ ಹೋದರೆ ಕಳ್ಳನಿಗೆ ದಾರಿ.

ವಿಂಡೋಸ್ ಈ ಬಗೆಯ ವ್ಯವಸ್ಥೆಗಳಲ್ಲಿ ನಮ್ಮ ಮನೆಗಳಿಗೆ ಹೆಚ್ಚು ಪರಿಚಿತವಾದುದು. 1995ರ ಆಗಸ್ಟ್ 24ರಂದು ವಿಂಡೋಸ್ 95 ಬಿಡುಗಡೆಯಾಯಿತು. 2001ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿಗೆ 2014ರ ಏಪ್ರಿಲ್ 8ರಂದು ಬೆಂಬಲ ನಿಂತಿತು. 2009ರಲ್ಲಿ ಬಂದ ವಿಂಡೋಸ್ 7ಕ್ಕೆ 2020ರ ಜನವರಿ 14ರಂದು ಅದೇ ಗತಿಯಾಯಿತು. 2015ರ ಜುಲೈ 29ರಂದು ಬಂದ ವಿಂಡೋಸ್ 10 ಹತ್ತು ವರ್ಷಕ್ಕೂ ಸ್ವಲ್ಪ ಹೆಚ್ಚು ಕಾಲ ಸೇವೆ ಪಡೆಯಿತು. ಅದರ ಉತ್ತರಾಧಿಕಾರಿಯಾದ ವಿಂಡೋಸ್ 11 ಹೊರಬಂದುದು 2021ರ ಅಕ್ಟೋಬರ್ 5ರಂದು. ಹತ್ತು ಹನ್ನೆರಡು ವರ್ಷಗಳಿಗೊಮ್ಮೆ ಬರುವ ಈ ಸಂಧಿಕಾಲ ಇದೇ ಮೊದಲಲ್ಲ, ಕೊನೆಯದೂ ಅಲ್ಲ. ಒಮ್ಮೆ ಕ್ರಮವನ್ನು ಕಲಿತರೆ ಮುಂದಿನ ಬಾರಿಗೂ ಅದು ಉಪಯೋಗಕ್ಕೆ ಬರುತ್ತದೆ.

ಬೆಂಬಲ ನಿಂತರೆ ಆಗುವುದೇನು?

ಬೆಂಬಲ ನಿಂತ ಮರುದಿನ ಯಂತ್ರ ಸ್ತಬ್ಧವಾಗುವುದಿಲ್ಲ. ಹಿಂದಿನಂತೆಯೇ ಅದು ಹೊತ್ತಿಕೊಳ್ಳುತ್ತದೆ, ಕಡತ ತೆರೆಯುತ್ತದೆ, ಮುದ್ರಿಸುತ್ತದೆ. ನಿಲ್ಲುವುದು ರಕ್ಷಣೆಯ ದುರಸ್ತಿ ಮಾತ್ರ. ಲಕ್ಷಾಂತರ ಸಾಲುಗಳ ತಂತ್ರಾಂಶದಲ್ಲಿ ದೋಷಗಳು ಇದ್ದೇ ಇರುತ್ತವೆ. ಅವು ಪತ್ತೆಯಾದಂತೆಲ್ಲ ತಯಾರಕರು ತಿಂಗಳಿಗೊಮ್ಮೆ ತೇಪೆಗಳನ್ನು ಕಳುಹಿಸುತ್ತಾರೆ. ಈ ತೇಪೆಗಳು ನಿಂತ ಮೇಲೆ ಪತ್ತೆಯಾಗುವ ಪ್ರತಿಯೊಂದು ಬಿರುಕೂ ಬಿರುಕಾಗಿಯೇ ಉಳಿಯುತ್ತದೆ. ಅಷ್ಟೇ ಅಲ್ಲ, ಹೊಸ ವ್ಯವಸ್ಥೆಗೆ ಕಳುಹಿಸಿದ ತೇಪೆಯನ್ನು ಪರಿಶೀಲಿಸಿ, ಹಳೆಯದರಲ್ಲಿ ಅದೇ ಬಿರುಕು ಎಲ್ಲಿದೆ ಎಂಬುದನ್ನು ದುಷ್ಟರು ಊಹಿಸಬಲ್ಲರು. ಕಾಲ ಕಳೆದಂತೆ ಇತರ ತಂತ್ರಾಂಶಗಳೂ ಹಳೆಯದರ ಕೈ ಬಿಡುತ್ತವೆ. ವಿಂಡೋಸ್ 7ರ ಬೆಂಬಲ ನಿಂತ ಮೂರು ವರ್ಷಗಳಲ್ಲಿ, ಅಂದರೆ 2023ರ ಆರಂಭದಲ್ಲಿ, ಗೂಗಲ್ ಸಂಸ್ಥೆಯು ತನ್ನ ಕ್ರೋಮ್ ತಂತ್ರಾಂಶದ ಹೊಸ ಆವೃತ್ತಿಗಳನ್ನು ಅದಕ್ಕೆ ಕೊಡುವುದನ್ನು ನಿಲ್ಲಿಸಿತು.

ಈ ಅಪಾಯ ಕೇವಲ ಕಲ್ಪನೆಯಲ್ಲ ಎಂಬುದಕ್ಕೆ 2017ರ ಮೇ ತಿಂಗಳ ಘಟನೆ ಸಾಕ್ಷಿ. ವಾನಾಕ್ರೈ ಎಂಬ ದುಷ್ಟ ತಂತ್ರಾಂಶ ಸುಮಾರು 150 ದೇಶಗಳಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಗಣಕಗಳನ್ನು ಹೊಕ್ಕು, ಅವುಗಳ ಕಡತಗಳನ್ನೆಲ್ಲ ಬೀಗ ಹಾಕಿ, ಬಿಡಿಸಲು ಹಣ ಕೇಳಿತು. ಬ್ರಿಟನ್ನಿನ ಸಾರ್ವಜನಿಕ ಆಸ್ಪತ್ರೆಗಳಲ್ಲಿ ಶಸ್ತ್ರಚಿಕಿತ್ಸೆಗಳನ್ನು ಮುಂದೂಡಬೇಕಾಯಿತು. ಇದರಲ್ಲಿ ನಾವು ಗಮನಿಸಬೇಕಾದ ಒಂದು ಅಂಶವಿದೆ. ಆ ಬಿರುಕಿಗೆ ತೇಪೆ 2017ರ ಮಾರ್ಚ್ ತಿಂಗಳಲ್ಲಿಯೇ ಬಂದಿತ್ತು. ಪೀಡೆಗೆ ಸಿಕ್ಕಿದವುಗಳಲ್ಲಿ ಬಹುಪಾಲು ಆಗ ಇನ್ನೂ ಬೆಂಬಲವಿದ್ದ ವಿಂಡೋಸ್ 7ರ ಯಂತ್ರಗಳು. ಔಷಧ ಮನೆಯ ಬಾಗಿಲಿಗೆ ಬಂದಿದ್ದರೂ ಕುಡಿಯದವರಿಗೆ ರೋಗ ತಗುಲಿತು. ಆದುದರಿಂದ ಹೊಸ ವ್ಯವಸ್ಥೆಯನ್ನು ಕೊಂಡು ತಂದರೆ ಸಾಲದು; ಬಂದ ತೇಪೆಗಳನ್ನು ಹಾಕಿಕೊಳ್ಳುವ ಶಿಸ್ತೂ ಬೇಕು.

ಆತುರವೂ ಸಲ್ಲದು

ಹಾಗೆಂದು ಹೊಸದೆಲ್ಲವೂ ನಿರ್ದೋಷಿ ಎಂದು ನಂಬುವುದೂ ತಪ್ಪು. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ರಕ್ಷಣಾ ತಂತ್ರಾಂಶದ ಸಂಸ್ಥೆಯು ಕಳುಹಿಸಿದ ದೋಷಯುಕ್ತ ಪರಿಷ್ಕರಣೆಯೊಂದರಿಂದ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ನೀಲಿ ತೆರೆ ತೋರಿಸಿ ಕುಳಿತವು. ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲಿಯೂ ಪ್ರಯಾಣಿಕರಿಗೆ ಕೈಯಿಂದ ಬರೆದ ಪ್ರವೇಶ ಚೀಟಿಗಳನ್ನು ಕೊಡಬೇಕಾಯಿತು. ಕಾವಲುಗಾರನ ಕಾಲು ಜಾರಿದರೂ ಮನೆ ನಡುಗುತ್ತದೆ ಎಂಬುದಕ್ಕೆ ಇದು ನಿದರ್ಶನ.

ವ್ಯಯದ ಪ್ರಶ್ನೆಯೂ ಇದೆ. ಮಾರಾಟಗಾರರ ಮಾತಿಗೆ ಮರುಳಾಗಿ, ಪತ್ರ ಬರೆಯಲು ಮತ್ತು ಲೆಕ್ಕ ಇಡಲು ಮಾತ್ರ ಬೇಕಾದ ಯಂತ್ರಕ್ಕೆ ಅದರ ಹತ್ತರಷ್ಟು ಶಕ್ತಿಯ ಯಂತ್ರವನ್ನು ಸಾಲ ಮಾಡಿ ತರುವವರನ್ನು ಕಾಣುತ್ತೇವೆ. ಆಯ್ದಕ್ಕಿ ಮಾರಯ್ಯನವರು ಒಂದು ದಿನ ನಿತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ತಂದಾಗ ಲಕ್ಕಮ್ಮನವರು ಅದನ್ನು ಒಪ್ಪದೆ, ಹೆಚ್ಚಿನದನ್ನು ಇದ್ದಲ್ಲಿಗೇ ಸುರಿದು ಬರುವಂತೆ ಹೇಳಿ ಕಳುಹಿಸಿದ ಪ್ರಸಂಗ ನಮ್ಮ ಮನೆಗಳಲ್ಲಿ ಮಕ್ಕಳಿಗೂ ತಿಳಿದದ್ದು. ಅಗತ್ಯವೆಷ್ಟು ಎಂಬುದನ್ನು ಮೊದಲು ಅಳೆದು, ಅನಂತರ ತರುವುದು ಶರಣರ ಮಾರ್ಗ. ಗಣಕಕ್ಕೂ ಅದೇ ಅಳತೆ ಸಲ್ಲುತ್ತದೆ.

ಮೊದಲು ಯಂತ್ರದ ಪರೀಕ್ಷೆ

ವಿಂಡೋಸ್ 11ನ್ನು ಎಲ್ಲ ಹಳೆಯ ಯಂತ್ರಗಳೂ ಧರಿಸಲಾರವು. 64 ಬಿಟ್‌ನ, ಕನಿಷ್ಠ ಎರಡು ಅಂತರ್ಭಾಗಗಳುಳ್ಳ ಸಂಸ್ಕಾರಕ, 4 ಜಿಬಿ ಸ್ಮೃತಿ, 64 ಜಿಬಿ ಸಂಗ್ರಹ, ಸುರಕ್ಷಿತ ಪ್ರಾರಂಭಕ್ಕೆ ಅನುಕೂಲವಾದ ಯುಇಎಫ್‌ಐ ಏರ್ಪಾಡು, ಟಿಪಿಎಂ 2.0 ಎಂಬ ರಕ್ಷಣಾ ಘಟಕ ಇವು ಅದರ ಮೂಲ ಬೇಡಿಕೆಗಳು. ಟಿಪಿಎಂ ಎಂದರೆ ರಹಸ್ಯ ಕೀಲಿಗಳನ್ನು ಯಂತ್ರದೊಳಗೇ ಪ್ರತ್ಯೇಕವಾಗಿ ಕಾಪಾಡುವ ಚಿಕ್ಕ ಪೆಟ್ಟಿಗೆಯಂಥದು. ಇಂಟೆಲ್ ಸಂಸ್ಥೆಯ ಸಂಸ್ಕಾರಕಗಳಲ್ಲಿ ಸಾಮಾನ್ಯವಾಗಿ ಎಂಟನೆಯ ಪೀಳಿಗೆಯವು ಮತ್ತು ಅನಂತರದವು ಅರ್ಹವಾಗುತ್ತವೆ. ಸ್ಥೂಲವಾಗಿ ಹೇಳುವುದಾದರೆ, 2018ಕ್ಕಿಂತ ಮೊದಲು ಕೊಂಡ ಯಂತ್ರಗಳಲ್ಲಿ ಹೆಚ್ಚಿನವು ಈ ಪರೀಕ್ಷೆಯಲ್ಲಿ ಉತ್ತೀರ್ಣವಾಗವು.

ಇದನ್ನು ತಿಳಿಯಲು ಯಾರಿಗೂ ಹಣ ಕೊಡಬೇಕಾಗಿಲ್ಲ. ಪಿಸಿ ಹೆಲ್ತ್ ಚೆಕ್ ಎಂಬ ಉಚಿತ ತಂತ್ರಾಂಶವನ್ನು ಮೈಕ್ರೋಸಾಫ್ಟ್ ಸಂಸ್ಥೆಯೇ ಒದಗಿಸಿದೆ. ಅದನ್ನು ನಡೆಸಿದರೆ ಯಂತ್ರ ಅರ್ಹವೋ ಅಲ್ಲವೋ, ಅಲ್ಲವಾದರೆ ಯಾವ ಕಾರಣಕ್ಕೆ ಎಂಬುದು ತೆರೆಯ ಮೇಲೆ ಬರುತ್ತದೆ. ಕೆಲವು ಯಂತ್ರಗಳಲ್ಲಿ ಟಿಪಿಎಂ ಇದ್ದರೂ ಅದನ್ನು ಮುಚ್ಚಿಟ್ಟಿರುತ್ತಾರೆ. ಬಲ್ಲವರು ಕೆಲವೇ ನಿಮಿಷಗಳಲ್ಲಿ ತೆರೆದು ಕೊಡಬಲ್ಲರು. ಇಷ್ಟನ್ನು ಮಾಡದೆ "ಇದು ಆಗುವುದಿಲ್ಲ, ಹೊಸದು ಕೊಳ್ಳಿ" ಎನ್ನುವವರ ಮಾತನ್ನು ಒಪ್ಪಬೇಕಾಗಿಲ್ಲ.

ನಾಲ್ಕು ಮಾರ್ಗಗಳು

ಮೊದಲನೆಯದು, ಅರ್ಹವಾದ ಯಂತ್ರದಲ್ಲಿ ವಿಂಡೋಸ್ 11ಕ್ಕೆ ಏರುವುದು. ಅಧಿಕೃತ ವಿಂಡೋಸ್ 10 ಇರುವವರಿಗೆ ಮೈಕ್ರೋಸಾಫ್ಟ್ ಇದನ್ನು ಉಚಿತವಾಗಿ ನೀಡಿದೆ. ಏರಿದ ಮೇಲೆ ಒಗ್ಗದಿದ್ದರೆ ಹತ್ತು ದಿನಗಳೊಳಗೆ ಹಿಂದಿನ ವ್ಯವಸ್ಥೆಗೆ ಮರಳುವ ಅವಕಾಶವೂ ಇದೆ. ಯಂತ್ರ ಅರ್ಹವಾಗಿದ್ದು, ಬಳಸುವ ತಂತ್ರಾಂಶಗಳೆಲ್ಲ ಹೊಂದುವಂತಿದ್ದರೆ ಇದಕ್ಕಿಂತ ಸುಲಭ ಮಾರ್ಗವಿಲ್ಲ.

ಎರಡನೆಯದು, ಸ್ವಲ್ಪ ಕಾಲಾವಕಾಶ ಪಡೆಯುವುದು. ಗೃಹಬಳಕೆದಾರರಿಗೆ 2026ರ ಅಕ್ಟೋಬರ್ 13ರವರೆಗೆ ರಕ್ಷಣಾ ತೇಪೆಗಳನ್ನು ವಿಸ್ತರಿಸುವ ಏರ್ಪಾಡನ್ನು ಮೈಕ್ರೋಸಾಫ್ಟ್ 2025ರಲ್ಲಿ ಪ್ರಕಟಿಸಿತು. ಯಂತ್ರದ ಸಿದ್ಧತೆಗಳನ್ನು ತನ್ನ ಖಾತೆಯ ಮೂಲಕ ನಕಲಿಟ್ಟುಕೊಳ್ಳಲು ಒಪ್ಪಿದವರಿಗೆ ಅದು ಉಚಿತ. ಒಪ್ಪದವರಿಗೆ 30 ಡಾಲರ್ ಶುಲ್ಕ. ಉದ್ಯಮ ಸಂಸ್ಥೆಗಳಿಗೆ ಮೊದಲ ವರ್ಷಕ್ಕೆ ಯಂತ್ರವೊಂದಕ್ಕೆ 61 ಡಾಲರ್, ಅನಂತರ ವರ್ಷ ವರ್ಷಕ್ಕೂ ಅದರ ಇಮ್ಮಡಿ, ಹೆಚ್ಚೆಂದರೆ ಮೂರು ವರ್ಷ ಎಂಬ ನಿಯಮವಾಯಿತು. ಶಿಕ್ಷಣ ಸಂಸ್ಥೆಗಳಿಗೆ ಮಾತ್ರ ಮೂರು ವರ್ಷಗಳಿಗೆ ಕ್ರಮವಾಗಿ 1, 2 ಮತ್ತು 4 ಡಾಲರ್‌ಗಳ ಅಲ್ಪ ಶುಲ್ಕ. ಮಠಗಳ ಆಶ್ರಯದಲ್ಲಿ ಶಾಲಾ ಕಾಲೇಜುಗಳನ್ನು ನಡೆಸುವವರು ಈ ವ್ಯತ್ಯಾಸವನ್ನು ಗಮನಿಸಬೇಕು. ಆದರೆ ಇದು ಧರ್ಮಛತ್ರದ ತಂಗುವಿಕೆ ಇದ್ದಂತೆ. ಅಲ್ಲಿ ಮನೆ ಕಟ್ಟಲಾಗದು. ಮುಂದಿನ ಪ್ರಯಾಣಕ್ಕೆ ಬುತ್ತಿ ಕಟ್ಟಿಕೊಳ್ಳಬಹುದು.

ಮೂರನೆಯದು, ಅನರ್ಹವಾದ ಆದರೆ ಗಟ್ಟಿಯಾದ ಯಂತ್ರದಲ್ಲಿ ಲಿನಕ್ಸ್ ಸ್ಥಾಪಿಸುವುದು. ಅಮೆರಿಕದ ರಿಚರ್ಡ್ ಸ್ಟಾಲ್‌ಮನ್ ಅವರು 1983ರಲ್ಲಿ ಘೋಷಿಸಿದ ಗ್ನೂ ಯೋಜನೆಯೂ, ಫಿನ್‌ಲೆಂಡಿನ ವಿದ್ಯಾರ್ಥಿಯಾಗಿದ್ದ ಲೀನಸ್ ಟೊರ್ವಾಲ್ಡ್ಸ್ ಅವರು 1991ರಲ್ಲಿ ಪ್ರಕಟಿಸಿದ ಲಿನಕ್ಸ್ ತಿರುಳೂ ಸೇರಿ ರೂಪುಗೊಂಡ ಈ ವ್ಯವಸ್ಥೆಯನ್ನು ಯಾರು ಬೇಕಾದರೂ ಪಡೆಯಬಹುದು, ಪರಿಶೀಲಿಸಬಹುದು, ತಿದ್ದಬಹುದು, ಹಂಚಬಹುದು. ಉಬುಂಟು, ಲಿನಕ್ಸ್ ಮಿಂಟ್, ಡೆಬಿಯನ್ ಮೊದಲಾದವು ಅದರ ಪ್ರಸಿದ್ಧ ರೂಪಗಳು. ಬಲ್ಲವರು ಬರೆದುದನ್ನು ಸಮಾಜಕ್ಕೆ ಅರ್ಪಿಸುವುದು, ಪಡೆದವರು ತಮ್ಮಿಂದಾದುದನ್ನು ಮತ್ತೆ ಅದಕ್ಕೇ ಸೇರಿಸುವುದು ಈ ಪರಂಪರೆಯ ರೀತಿ. ಕಾಯಕ ಮತ್ತು ದಾಸೋಹಗಳನ್ನು ಅರಿತ ನಮ್ಮ ಜನಕ್ಕೆ ಇದರ ಒಳಗುಟ್ಟು ವಿವರಿಸಬೇಕಾಗಿಲ್ಲ. ನೆರೆಯ ಕೇರಳದ ಸರ್ಕಾರಿ ಶಾಲೆಗಳಲ್ಲಿ ಅನೇಕ ವರ್ಷಗಳಿಂದ ಇಂತಹ ಮುಕ್ತ ತಂತ್ರಾಂಶದಲ್ಲಿಯೇ ಮಕ್ಕಳು ಕಲಿಯುತ್ತಿದ್ದಾರೆ. ಪತ್ರ, ಲೆಕ್ಕ, ಅಂತರ್ಜಾಲ, ಕನ್ನಡ ಬೆರಳಚ್ಚು ಎಲ್ಲಕ್ಕೂ ಇದು ಸಾಕು. ವಿಂಡೋಸ್‌ಗೆಂದೇ ಬರೆದ ಲೆಕ್ಕಪತ್ರದ ಅಥವಾ ಪುಟವಿನ್ಯಾಸದ ತಂತ್ರಾಂಶಗಳನ್ನು ಅವಲಂಬಿಸಿದವರಿಗೆ ಮಾತ್ರ ತೊಡಕಾಗಬಹುದು.

ನಾಲ್ಕನೆಯದು ಹೊಸ ಯಂತ್ರವನ್ನು ಕೊಳ್ಳುವುದು. ಮೊದಲ ಮೂರು ಮಾರ್ಗಗಳು ಒಗ್ಗದಿದ್ದಾಗ ಇದನ್ನು ಯೋಚಿಸಬೇಕಲ್ಲದೆ, ಇದರಿಂದಲೇ ಆರಂಭಿಸುವುದು ಸರಿಯಲ್ಲ.

ಇನ್ನು ಅಂತರ್ಜಾಲವನ್ನೇ ಮುಟ್ಟದೆ, ಹಳೆಯ ಮುದ್ರಣಯಂತ್ರಕ್ಕೋ ತೂಕದ ಯಂತ್ರಕ್ಕೋ ಜೋಡಿಸಿಟ್ಟ ಗಣಕಗಳಿವೆ. ಅಂಥವನ್ನು ಜಾಲದಿಂದ ಪೂರ್ಣವಾಗಿ ಬೇರ್ಪಡಿಸಿ, ಹೊರಗಿನ ಪೆನ್‌ಡ್ರೈವ್‌ಗಳನ್ನು ಪರೀಕ್ಷಿಸದೆ ಹಾಕದಿದ್ದರೆ ಇದ್ದಂತೆಯೇ ಕೆಲವು ಕಾಲ ನಡೆಸಬಹುದು. ಬ್ಯಾಂಕಿನ ವ್ಯವಹಾರ, ಭಕ್ತರ ದೇಣಿಗೆಯ ವಿವರ, ವಿದ್ಯಾರ್ಥಿಗಳ ದಾಖಲೆ ಇರುವ ಯಂತ್ರಗಳಿಗೆ ಈ ರಿಯಾಯಿತಿ ಸಲ್ಲದು. ನಮ್ಮ ಸ್ವಂತ ಹಣಕ್ಕೆ ಅಪಾಯವಾದರೆ ನಮ್ಮ ನಷ್ಟ. ಪರರು ನಂಬಿ ಒಪ್ಪಿಸಿದ ವಿವರಗಳಿಗೆ ಅಪಾಯವಾದರೆ ಅದು ವಿಶ್ವಾಸದ ನಷ್ಟ.

ಕನ್ನಡದ ಕಡತಗಳ ಗತಿ

ಇದುವರೆಗಿನ ಮಾತು ಎಲ್ಲ ಜನಕ್ಕೂ ಸಮಾನ. ಇನ್ನು ಹೇಳುವುದು ಕನ್ನಡಿಗರಾದ ನಮಗೆ, ಅದರಲ್ಲಿಯೂ ವಚನವಾಙ್ಮಯದ ಪ್ರಕಟಣೆಯಲ್ಲಿ ತೊಡಗಿದ ಮಠ ಮತ್ತು ಸಂಘಗಳಿಗೆ, ವಿಶೇಷವಾಗಿ ಸಂಬಂಧಿಸಿದ್ದು. ವ್ಯವಸ್ಥೆಯ ಬದಲಾವಣೆಯಲ್ಲಿ ನಿಜವಾಗಿ ಕಳೆದುಹೋಗಬಹುದಾದ ಸಂಪತ್ತು ಇಲ್ಲಿದೆ.

ಯೂನಿಕೋಡ್ ಎಂಬ ವಿಶ್ವಸಂಕೇತದ 1991ರ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ ಸ್ಥಾನ ದೊರೆಯಿತು. ಆದರೂ ಅದು ನಮ್ಮ ಮುದ್ರಣಾಲಯಗಳಿಗೆ ಇಳಿದು ಬರಲು ಬಹಳ ವರ್ಷ ಹಿಡಿಯಿತು. ಅದಕ್ಕೂ ಮುನ್ನ ಬೆರಳಚ್ಚಾದ ಕನ್ನಡದಲ್ಲಿ ಬಹುಪಾಲು ಹಳೆಯ ಪದ್ಧತಿಯ ಅಕ್ಷರವಿನ್ಯಾಸಗಳಲ್ಲಿದೆ. ಆ ಪದ್ಧತಿಯಲ್ಲಿ ಗಣಕದೊಳಗೆ ಕುಳಿತಿರುವುದು ರೋಮನ್ ಲಿಪಿಯ ಸಂಕೇತಗಳೇ. ಅವುಗಳಿಗೆ ಕನ್ನಡದ ವೇಷ ತೊಡಿಸುವುದು ಫಾಂಟ್. ವೇಷ ಕಳಚಿದರೆ, ಎಂದರೆ ಆ ಫಾಂಟ್ ಇಲ್ಲದ ಯಂತ್ರದಲ್ಲಿ ಕಡತ ತೆರೆದರೆ, ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿ ಕಾಣುತ್ತದೆ. ಒಂದು ತಯಾರಕರ ಸಂಕೇತ ಇನ್ನೊಬ್ಬರದಕ್ಕೆ ಹೊಂದುತ್ತಿರಲಿಲ್ಲ. ಕೆಲವು ಪುಟವಿನ್ಯಾಸ ತಂತ್ರಾಂಶಗಳಂತೂ ಯಂತ್ರದ ಹಿಂಬದಿಗೆ ಸಿಕ್ಕಿಸುವ ಬೀಗದಂಥ ತುಂಡು ಇಲ್ಲದೆ ತೆರೆಯುತ್ತಲೇ ಇರಲಿಲ್ಲ. ಆ ತುಂಡನ್ನು ಗುರುತಿಸುವ ಚಾಲಕ ತಂತ್ರಾಂಶ ಹೊಸ ವ್ಯವಸ್ಥೆಯಲ್ಲಿ ಇಲ್ಲದಿದ್ದರೆ ತಂತ್ರಾಂಶವೂ ಇಲ್ಲ, ಕಡತವೂ ಇಲ್ಲ.

ನಾವು ಬಲ್ಲ ಒಂದು ಗ್ರಂಥಮಾಲೆಯ ಕಚೇರಿಯಲ್ಲಿ ನಡೆದುದನ್ನು ಇಲ್ಲಿ ಹೇಳುವುದು ಉಚಿತ. ಲಿಂಗೈಕ್ಯರಾದ ವಿದ್ವಾಂಸರೊಬ್ಬರು ಎಂಟು ವರ್ಷ ಶ್ರಮಿಸಿ ವಚನಗಳಿಗೆ ಬರೆದ ವ್ಯಾಖ್ಯಾನ ಅಲ್ಲಿಯ ಹಳೆಯ ಗಣಕದಲ್ಲಿ ಬೆರಳಚ್ಚಾಗಿ ಕುಳಿತಿತ್ತು. ಹಣದ ಅಡಚಣೆಯಿಂದ ಮುದ್ರಣ ಮುಂದೆ ಹೋಗಿತ್ತು. ಅಷ್ಟರಲ್ಲಿ ಉದಾರಿಗಳಾದ ಭಕ್ತರೊಬ್ಬರು ಹೊಸ ಗಣಕವನ್ನು ದಾನವಿತ್ತರು. ಸ್ಥಾಪಿಸಲು ಬಂದ ಯುವಕ ಕಡತಗಳನ್ನೆಲ್ಲ ನಿಷ್ಠೆಯಿಂದ ನಕಲು ಮಾಡಿದನು. ಫಾಂಟುಗಳನ್ನು ನಕಲು ಮಾಡಬೇಕೆಂಬುದು ಅವನಿಗೆ ತಿಳಿಯದು. ಹಳೆಯ ಯಂತ್ರ ಗುಜರಿಗೆ ಹೋಯಿತು. ಆರು ತಿಂಗಳ ಮೇಲೆ ಮುದ್ರಣಕ್ಕೆ ಹಣ ಒದಗಿ ಕಡತ ತೆರೆದಾಗ ಒಂಬೈನೂರು ಪುಟಗಳೂ ರೋಮನ್ ಅಕ್ಷರದ ಜೊಂಡು. ಪುಣ್ಯವಶದಿಂದ, ಹಿಂದೆ ಅಲ್ಲಿ ಬೆರಳಚ್ಚು ಮಾಡುತ್ತಿದ್ದ ತಾಯಿಯೊಬ್ಬರು ಆ ಫಾಂಟಿನ ಮೂಲ ಸಿ.ಡಿ.ಯನ್ನು ತಮ್ಮ ಮನೆಯ ಟ್ರಂಕಿನಲ್ಲಿ ಕಾಪಾಡಿಟ್ಟಿದ್ದರು. ಅದರಿಂದ ಗ್ರಂಥ ಉಳಿಯಿತು. ಎಲ್ಲ ಕಚೇರಿಗಳಿಗೂ ಇಂಥ ತಾಯಿ ಇರುತ್ತಾರೆಂಬ ಭರವಸೆಯಿಲ್ಲ.

ಆದುದರಿಂದ ಹಳೆಯ ಕನ್ನಡ ಕಡತಗಳಿರುವವರು ವ್ಯವಸ್ಥೆ ಬದಲಿಸುವ ಮೊದಲು ಮೂರು ಕೆಲಸ ಮಾಡಬೇಕು. ಬಳಸಿದ ಫಾಂಟುಗಳನ್ನೂ ತಂತ್ರಾಂಶದ ಮೂಲಪ್ರತಿಯನ್ನೂ ಕಡತಗಳ ಜೊತೆಯಲ್ಲಿಯೇ ಕಾದಿಡಬೇಕು. ಪ್ರತಿ ಕಡತವನ್ನೂ ಹಳೆಯ ಯಂತ್ರದಲ್ಲಿಯೇ ತೆರೆದು, ಅಕ್ಷರವಿನ್ಯಾಸ ಒಳಗೊಂಡ ಪಿಡಿಎಫ್ ರೂಪದಲ್ಲಿ ಒಂದು ಪ್ರತಿ ತೆಗೆಯಬೇಕು. ಪುಟ ಹೇಗಿತ್ತೆಂಬುದಕ್ಕೆ ಅದು ಮುಂದೆ ಸಾಕ್ಷಿ. ಮೂರನೆಯದಾಗಿ, ಪರಿವರ್ತಕ ತಂತ್ರಾಂಶದ ಮೂಲಕ ಅವುಗಳನ್ನು ಯೂನಿಕೋಡಿಗೆ ತರಬೇಕು.

ಪರಿವರ್ತನೆಯಾಯಿತೆಂದು ನಿಶ್ಚಿಂತರಾಗಲಾಗದು. ಅರ್ಕಾವೊತ್ತು ಸ್ಥಾನ ತಪ್ಪುವುದು, ಒತ್ತಕ್ಷರಗಳು ಬೇರ್ಪಡುವುದು, ದೀರ್ಘ ಹ್ರಸ್ವವಾಗುವುದು ಸಾಮಾನ್ಯ. ಹಳಗನ್ನಡದ ಱ ಮತ್ತು ೞ ಅಕ್ಷರಗಳು ಬರುವ ಪಾಠಗಳಲ್ಲಿ ವಿಶೇಷ ಎಚ್ಚರ ಬೇಕು. ಯೂನಿಕೋಡಿನಲ್ಲಿ ಎರಡಕ್ಕೂ ಸ್ಥಾನವಿದೆ. ೞ ಅಕ್ಷರಕ್ಕೆ ಆ ಪಟ್ಟಿಯಲ್ಲಿ 'ಫ' ಎಂಬ ತಪ್ಪು ಹೆಸರು ಬಿದ್ದು, ಹೆಸರನ್ನು ಬದಲಿಸಬಾರದೆಂಬ ನಿಯಮದಿಂದ ಇಂದಿಗೂ ಹಾಗೆಯೇ ಉಳಿದು, ಸರಿಯಾದ ಹೆಸರನ್ನು ಉಪನಾಮವಾಗಿ ಸೇರಿಸಿದ್ದಾರೆ. ಸಂಕೇತ ರಚಿಸಿದವರೇ ಎಡವಿದ ಅಕ್ಷರದಲ್ಲಿ ಪರಿವರ್ತಕವೂ ಎಡವಿದರೆ ಆಶ್ಚರ್ಯವಿಲ್ಲ. ಭಾಷೆ ಬಲ್ಲವರೊಬ್ಬರು ಮೂಲವನ್ನು ಪಕ್ಕದಲ್ಲಿಟ್ಟುಕೊಂಡು ಅಕ್ಷರ ಅಕ್ಷರವಾಗಿ ಕರಡು ತಿದ್ದಲೇಬೇಕು.

ಪ್ರತಿ ಮಾಡುವ ಪರಂಪರೆ

ಈ ಶ್ರಮ ನಮಗೆ ಹೊಸದಲ್ಲ. ತಾಡೋಲೆಗೆ ಆಯುಸ್ಸು ಮಿತವಾದುದು. ಹುಳು ಹಿಡಿಯುತ್ತದೆ, ಅಂಚು ಮುರಿಯುತ್ತದೆ. ಆದುದರಿಂದ ಕೆಲವು ತಲೆಮಾರುಗಳಿಗೊಮ್ಮೆ ಹೊಸ ಓಲೆಗೆ ಪ್ರತಿ ಎತ್ತುವ ಕಾಯಕವನ್ನು ಮಠಗಳು ನಡೆಸಿಕೊಂಡು ಬಂದವು. ಮಠದಲ್ಲಿ ಅಧ್ಯಯನ ಮಾಡುವಾಗ ನಾವು ಕಂಡ ಓಲೆಗಟ್ಟುಗಳಲ್ಲಿ ಪ್ರತಿಕಾರನು ಕೊನೆಯಲ್ಲಿ, ತಪ್ಪಿದ್ದರೆ ಬಲ್ಲವರು ತಿದ್ದಿಕೊಳ್ಳಬೇಕೆಂದು ಬೇಡಿಕೊಂಡಿರುವುದುಂಟು. ಹೊಸ ಪ್ರತಿ ತಿದ್ದಿ ಸಿದ್ಧವಾಗುವವರೆಗೆ ಹಳೆಯ ಓಲೆಯನ್ನು ಯಾರೂ ಎಸೆಯುತ್ತಿರಲಿಲ್ಲ.

ವಚನಪಿತಾಮಹ ಫ.ಗು. ಹಳಕಟ್ಟಿಯವರು ವಿಜಾಪುರದಲ್ಲಿ ವಕೀಲಿ ಮಾಡುತ್ತ, ಮನೆ ಮನೆ ಮಠ ಮಠ ಅಲೆದು ಓಲೆಗಟ್ಟುಗಳನ್ನು ಸಂಗ್ರಹಿಸಿ, 1923ರಲ್ಲಿ ವಚನಶಾಸ್ತ್ರಸಾರವನ್ನು ಪ್ರಕಟಿಸಿದರು. ಅನಂತರ ಸ್ವಂತ ಮುದ್ರಣಾಲಯವನ್ನೇ ಸ್ಥಾಪಿಸಿ, 1926ರಲ್ಲಿ ಶಿವಾನುಭವ ಪತ್ರಿಕೆಯನ್ನು ಆರಂಭಿಸಿದರು. ಮುದ್ರಣಯಂತ್ರ ಅಂದಿನ ಕಾಲಕ್ಕೆ ಹೊಸ ವ್ಯವಸ್ಥೆಯೇ. ಅವರು ಹೊಸದಕ್ಕೆ ಹೆದರಿ ಕೂರಲಿಲ್ಲ. ಹೊಸದೆಂಬ ಮೋಹಕ್ಕೆ ಹಳೆಯ ಪಾಠವನ್ನು ಕೆಡಿಸಲೂ ಇಲ್ಲ. 1993ರಲ್ಲಿ ಕರ್ನಾಟಕ ಸರ್ಕಾರವು ಹದಿನೈದು ಸಂಪುಟಗಳಲ್ಲಿ ಸಮಗ್ರ ವಚನ ಸಾಹಿತ್ಯವನ್ನು ಹೊರತಂದಾಗ ಆ ಪರಂಪರೆಯೇ ಮುಂದುವರಿಯಿತು. ಓಲೆಯಿಂದ ಕಾಗದಕ್ಕೆ, ಕಾಗದದಿಂದ ಗಣಕಕ್ಕೆ, ಗಣಕದ ಹಳೆಯ ಸಂಕೇತದಿಂದ ಹೊಸದಕ್ಕೆ ದಾಟಿಸುವುದು ಒಂದೇ ಕಾಯಕದ ಬೇರೆ ಬೇರೆ ಘಟ್ಟಗಳು. ಒಂದು ಘಟ್ಟದಲ್ಲಿ ಅಲಕ್ಷ್ಯವಾದರೆ ಹಿಂದಿನವರ ಶ್ರಮವೆಲ್ಲ ವ್ಯರ್ಥ.

ಸದಾಚಾರದ ಮಾತು

ಪಂಚಾಚಾರಗಳಲ್ಲಿ ಸದಾಚಾರವೂ ಒಂದು. ಸತ್ಯಶುದ್ಧ ಕಾಯಕದಿಂದ ಬಂದುದನ್ನು ಮಾತ್ರ ಅನುಭವಿಸಬೇಕೆಂಬುದು ಅದರ ತಿರುಳು. ಪೇಟೆಯಲ್ಲಿ ಕೆಲವರು ಅಲ್ಪ ಹಣಕ್ಕೆ ವಿಂಡೋಸಿನ ಕಳ್ಳಪ್ರತಿಯನ್ನು ಹಾಕಿಕೊಡುತ್ತಾರೆ. ದೇಣಿಗೆಯ ರಸೀದಿ ಮುದ್ರಿಸುವ ಯಂತ್ರದಲ್ಲಿ ಕದ್ದ ತಂತ್ರಾಂಶವಿರುವುದು ಎಷ್ಟು ಸರಿ ಎಂಬುದನ್ನು ನಾವು ಯೋಚಿಸಬೇಕು. ಧರ್ಮದ ಮಾತು ಹಾಗಿರಲಿ, ಲೋಕವ್ಯವಹಾರದಲ್ಲಿಯೂ ಅದು ಹಾನಿ. ಬೀಗ ಮುರಿಯುವ ಸಾಧನಗಳಲ್ಲಿಯೇ ದುಷ್ಟ ತಂತ್ರಾಂಶಗಳು ಅಡಗಿ ಬರುವುದುಂಟು. ಕೊಳ್ಳುವ ಶಕ್ತಿಯಿದ್ದರೆ ಅಧಿಕೃತ ಪ್ರತಿಯನ್ನು ಕೊಳ್ಳೋಣ. ಇಲ್ಲದಿದ್ದರೆ ನ್ಯಾಯವಾಗಿಯೇ ಉಚಿತವಾದ ಲಿನಕ್ಸ್ ಇದೆ. ಕದಿಯುವ ಅಗತ್ಯ ಯಾರಿಗೂ ಇಲ್ಲ.

ನಿರ್ಧರಿಸಿದ ಮೇಲೆ ಅನುಸರಿಸಬೇಕಾದ ಕ್ರಮ

ಮೊದಲು ಯಂತ್ರದಲ್ಲಿರುವ ಅಮೂಲ್ಯ ವಸ್ತುಗಳ ಪಟ್ಟಿ ಮಾಡಬೇಕು: ಕಿರ್ದಿ ಖಾತೆಗಳು, ಮನೆಯ ಪತ್ರಗಳು, ಮಕ್ಕಳ ಅಂಕಪಟ್ಟಿಗಳು, ಹಿರಿಯರ ಭಾವಚಿತ್ರಗಳು, ಬರೆದಿಟ್ಟ ಲೇಖನಗಳು. ಇವುಗಳಿಗೆ ಮೂರು ಪ್ರತಿ, ಎರಡು ಬಗೆಯ ಸಾಧನಗಳಲ್ಲಿ, ಒಂದು ಪ್ರತಿ ಬೇರೊಂದು ಸ್ಥಳದಲ್ಲಿ ಎಂಬುದು ಬಲ್ಲವರ ನಿಯಮ. ಪ್ರತಿ ತೆಗೆದರೆ ಸಾಲದು. ಬೇರೊಂದು ಯಂತ್ರದಲ್ಲಿ ತೆರೆದು ನೋಡಬೇಕು. ಅನಂತರ ಮುದ್ರಣಯಂತ್ರ, ಲೆಕ್ಕದ ತಂತ್ರಾಂಶ, ಕನ್ನಡ ಬೆರಳಚ್ಚಿನ ತಂತ್ರಾಂಶ ಇವು ಹೊಸ ವ್ಯವಸ್ಥೆಯಲ್ಲಿ ನಡೆಯುತ್ತವೆಯೇ ಎಂದು ತಯಾರಕರಿಂದ ತಿಳಿಯಬೇಕು. ವಿಂಡೋಸ್ 11ರಲ್ಲಿ 32 ಬಿಟ್ ರೂಪವಿಲ್ಲ. ಬಹಳ ಹಳೆಯ 16 ಬಿಟ್ ತಂತ್ರಾಂಶಗಳು ಅದರಲ್ಲಿ ನಡೆಯವು.

ಅನೇಕ ಯಂತ್ರಗಳಿರುವ ಸಂಸ್ಥೆಗಳು ಒಂದರಲ್ಲಿ ಮಾತ್ರ ಬದಲಾವಣೆ ಮಾಡಿ, ಒಂದು ತಿಂಗಳು ನಡೆಸಿ ನೋಡಿ, ಉಳಿದವನ್ನು ಅನಂತರ ಬದಲಿಸುವುದು ಲೇಸು. ಮಾರ್ಚ್ ತಿಂಗಳ ಲೆಕ್ಕದ ಒತ್ತಡದಲ್ಲಾಗಲಿ ಜಾತ್ರೆಯ ಮುನ್ನಾದಿನಗಳಲ್ಲಾಗಲಿ ಈ ಕೆಲಸಕ್ಕೆ ಕೈ ಹಾಕಬಾರದು.

ಹಳೆಯ ಯಂತ್ರದ ವಿಲೇವಾರಿಯೂ ಧರ್ಮಕಾರ್ಯವೇ. ಕಡತಗಳನ್ನು ಅಳಿಸಿದರೆಂದು ಅವು ನಿಜವಾಗಿ ಅಳಿದಿರುವುದಿಲ್ಲ; ತಿಳಿದವರಿಂದ ಸಂಗ್ರಹಫಲಕವನ್ನು ಪೂರ್ಣವಾಗಿ ಶುದ್ಧಿಗೊಳಿಸಬೇಕು. ಶುದ್ಧಿಗೊಂಡ ಯಂತ್ರಕ್ಕೆ ಲಿನಕ್ಸ್ ಹಾಕಿ ಪ್ರಸಾದನಿಲಯದ ಬಡ ವಿದ್ಯಾರ್ಥಿಗೆ ಕೊಟ್ಟರೆ ಇನ್ನೂ ಕೆಲವು ವರ್ಷ ಅದು ವಿದ್ಯಾದಾನ ಮಾಡೀತು. ಯಾವುದಕ್ಕೂ ಬಾರದ ಯಂತ್ರದಲ್ಲಿ ಸೀಸ ಮೊದಲಾದ ವಿಷವಸ್ತುಗಳಿರುವುದರಿಂದ ತಿಪ್ಪೆಗೆ ಎಸೆಯಬಾರದು. 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ವಿದ್ಯುನ್ಮಾನ ತ್ಯಾಜ್ಯದ ನಿಯಮಗಳಂತೆ ನೋಂದಾಯಿತ ಸಂಸ್ಕರಣಕಾರರಿಗೆ ಒಪ್ಪಿಸಬೇಕು.

ಯಂತ್ರ ಅರ್ಹವಾಗಿದ್ದರೆ ಪ್ರತಿ ತೆಗೆದಿಟ್ಟು ಏರಬಹುದು. ಅನರ್ಹವಾಗಿದ್ದು ಕೆಲಸ ಸರಳವಾಗಿದ್ದರೆ ಲಿನಕ್ಸನ್ನು ಒಪ್ಪಬಹುದು. ಹಳೆಯ ಕನ್ನಡ ಕಡತಗಳಿದ್ದರೆ ಅವುಗಳನ್ನು ದಾಟಿಸುವ ಕೆಲಸವನ್ನು ಮೊದಲು ಮುಗಿಸಬೇಕು, ಯಂತ್ರದ ವಿಚಾರ ಅನಂತರ. ಈ ತಿಂಗಳೊಳಗೆ ಪ್ರತಿಯೊಂದು ಮಠ, ಸಂಘ, ಗ್ರಂಥಮಾಲೆಯ ಕಚೇರಿಯೂ ತನ್ನ ಹಳೆಯ ಗಣಕವನ್ನು ಒಮ್ಮೆ ತೆರೆದು, ಅದರಲ್ಲಿ ಯಾವ ಯಾವ ಗ್ರಂಥಗಳು ಯಾವ ಫಾಂಟಿನಲ್ಲಿವೆ ಎಂಬ ಪಟ್ಟಿಯನ್ನು ಒಂದು ಹಾಳೆಯಲ್ಲಿ ಬರೆದಿಡಲಿ ಎಂಬುದು ನಮ್ಮ ವಿನಂತಿ. ಪಟ್ಟಿ ಮಾಡಲು ಅರ್ಧ ದಿನ ಸಾಕು. ಆ ಅರ್ಧ ದಿನದ ಕಾಯಕದಿಂದ ಹಿರಿಯರ ಹತ್ತಾರು ವರ್ಷಗಳ ತಪಸ್ಸು ಉಳಿಯುತ್ತದೆ.